ಮಗನಿಗೆ ‘ರಯ್ಯಾನ್’ ಅಂತ ಹೆಸರಿಡೋಣ ಅಂತಿದ್ದೇವೆ. ಅರ್ಥ ಏನು? ತುಂಬಾ ಸಾಮಾನ್ಯ ಆಗಿಬಿಟ್ಟಿದೆಯಾ?

ನನ್ನ ಮಗನ ಹೆಸರೂ ಅದೇ. ನಿಮ್ಮ ಪ್ರಶ್ನೆ ಓದಿದ ಕೂಡಲೇ, ಹೆರಿಗೆಯಾದ ಮೂರನೇ ದಿನ ಆಸ್ಪತ್ರೆ ಮಂಚದ ಮೇಲೆ ಕೂತು ಒಂದು ಫಾರಂ ತುಂಬಿದ್ದು ನೆನಪಾಯಿತು. ಅದನ್ನು ಹೇಳದೆ ನನಗೆ ಉತ್ತರ ಬರೆಯಲು ಆಗುವುದಿಲ್ಲ.

ಅವನು ಹುಟ್ಟಿದ್ದು 2017ರ ಜೂನ್‌ನಲ್ಲಿ, ರಂಜಾನ್ ನಡೆಯುತ್ತಿತ್ತು. ನಮ್ಮದು ರಾಣೆಬೆನ್ನೂರಿನ ಹತ್ತಿರದ ಹಳ್ಳಿ. ಎರಡು ವರ್ಷ ಮಳೆ ಕೈಕೊಟ್ಟಿತ್ತು, ನಮ್ಮ ಅಬ್ಬಾ, ಅಂದರೆ ಅಪ್ಪ, ಮೆಕ್ಕೆಜೋಳದ ಬೀಜ ತಂದಿಟ್ಟುಕೊಂಡು ದಿನಾ ಮೋಡ ನೋಡುತ್ತಿದ್ದರು. ಆಗ ಕತಾರ್‌ನ ದೋಹಾದಲ್ಲಿದ್ದ ಭಾಯಿಜಾನ್ (ಅಣ್ಣ) ಫೋನ್ ಮಾಡಿ ಈ ಹೆಸರು ಹೇಳಿದರು. ‘ಇಲ್ಲಿ ಬಾಯಾರಿದವನಿಗೆ ಅತ್‌ಶಾನ್ ಅಂತಾರೆ, ನೀರು ಕುಡಿದು ತಣಿದವನಿಗೆ ರಯ್ಯಾನ್’ ಅಂದರು. ನೀರುಂಡು ಹಸಿರಾದ ಗಿಡಕ್ಕೂ ಅರಬ್ಬಿಯಲ್ಲಿ ಇದೇ ಮಾತು. ಅಬ್ಬಾಗೆ ಇದನ್ನು ಹೇಳಿದಾಗ ಅವರು ಏನೂ ಮಾತಾಡಲಿಲ್ಲ. ಮಗುವಿನ ಹಣೆ ಮೇಲೆ ಕೈಯಿಟ್ಟು ಮೂರು ಸಲ ಆ ಹೆಸರು ಕರೆದರು. ಅಲ್ಲಿಗೆ ಹೆಸರು ತೀರ್ಮಾನವಾಯಿತು.

ಸ್ವರ್ಗದ ಬಾಗಿಲುಗಳಲ್ಲಿ ಒಂದರ ಹೆಸರು ಅರ್-ರಯ್ಯಾನ್. ಹದೀಸ್ ಅಂದರೆ ಪ್ರವಾದಿಯವರ ಮಾತು, ನಡೆಗಳ ವರದಿ; ಬುಖಾರಿ, ಮುಸ್ಲಿಂ ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದು ಬರುತ್ತದೆ. ರೋಜಾ (ಉಪವಾಸ) ಹಿಡಿದವರು ಮಾತ್ರ ಅದರಿಂದ ಒಳಗೆ ಹೋಗುತ್ತಾರೆ, ಅವರೆಲ್ಲ ಹೋದ ಮೇಲೆ ಬಾಗಿಲು ಮುಚ್ಚುತ್ತದೆ. ದಿನವಿಡೀ ಬಾಯಾರಿದವರಿಗೆ ‘ತಣಿದವನು’ ಅನ್ನುವ ಬಾಗಿಲು. ಇದಕ್ಕಿಂತ ಚೆಂದದ ಅರ್ಥ ಇನ್ನೇನು ಬೇಕು ಹೇಳಿ?

ರೆಹಾನ್ ಬೇರೆ ಹೆಸರು, ಅದನ್ನು ಇದರ ಜೊತೆ ಕಲಸಬೇಡಿ. ಅದರ ಮೂಲ ರೈಹಾನ್, ಅಂದರೆ ಪರಿಮಳದ ಗಿಡ. ನಮ್ಮ ಕಾಮಕಸ್ತೂರಿಗೂ ಅರಬ್ಬಿಯಲ್ಲಿ ಅದೇ ಹೆಸರು. ಇಂಗ್ಲಿಷಿನ ರಯಾನ್ ಅಂತೂ ಐರ್ಲೆಂಡಿನದು, ಸಂಬಂಧವೇ ಇಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಫಾರಂನಲ್ಲಿ ಮಗುವಿನ ಹೆಸರಿಗೆ ಎರಡು ಜಾಗ ಇತ್ತು, ಒಂದು ಇಂಗ್ಲಿಷಿಗೆ, ಒಂದು ಕನ್ನಡಕ್ಕೆ. ಇಂಗ್ಲಿಷಿನಲ್ಲಿ ಆರ್, ಎ, ವೈ, ಎ, ಎನ್ ಅಂತ ಬರೆದೆ. ಎರಡು ವೈ ಹಾಕಬೇಕು ಅಂತ ಗೊತ್ತಿತ್ತು. ನೋಡಲು ಉದ್ದ ಕಾಣುತ್ತದೆ, ಒಂದೇ ಸಾಕು ಅಂದುಕೊಂಡೆ. ಕನ್ನಡದ ಜಾಗವನ್ನು ಖಾಲಿ ಬಿಟ್ಟೆ, ಅವರೇ ಬರೆದುಕೊಳ್ಳುತ್ತಾರೆ ಅಂತ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು, ಮಗನ ಹೆಸರನ್ನು ಕನ್ನಡದಲ್ಲಿ ಬರೆಯುವ ಕೆಲಸವನ್ನು ಗುರುತಿಲ್ಲದವರ ಕೈಗೆ ಕೊಟ್ಟೆ. ಅರಬ್ಬಿಯಲ್ಲಿ ಅಕ್ಷರ ಒತ್ತಿ ಹೇಳಲು ಅದರ ಮೇಲೆ ಶದ್ದಾ ಅನ್ನುವ ಗುರುತು ಹಾಕುತ್ತಾರೆ. ಇಂಗ್ಲಿಷಿನಲ್ಲಿ ಅದು ಕಳೆದುಹೋಗುತ್ತದೆ, ಆದರೆ ನಮ್ಮಲ್ಲಿ ಒತ್ತಕ್ಷರ ಇದೆಯಲ್ಲ, ‘ಯ್ಯಾ’ ಅಂತ ಬರೆದರೆ ಅರಬ್ಬಿಯವರು ಹೇಳುವ ಹಾಗೇ ಬರುತ್ತದೆ! ಈ ಹೆಸರಿಗೆ ಸರಿಯಾದ ಲಿಪಿ ನನ್ನ ಕೈಯಲ್ಲೇ ಇತ್ತು, ನಾನೇ ಬಳಸಲಿಲ್ಲ.

ಜನನ ಪ್ರಮಾಣಪತ್ರ ಬಂದಾಗ ಅದರಲ್ಲಿ ‘ರಾಯನ್’ ಅಂತ ಇತ್ತು. ನೋಡಿದೆ, ಹೋಗಲಿ ಬಿಡು ಅಂದೆ. ನಿಜ ಹೇಳಬೇಕೆಂದರೆ ಫಾರಂಗಿಂತ ಇದೇ ದೊಡ್ಡ ತಪ್ಪು. ಆಗ ಅವನ ಹೆಸರಿನಲ್ಲಿ ಇದ್ದದ್ದು ಆ ಒಂದೇ ಕಾಗದ. ಆಮೇಲೆ ಆಧಾರ್ ಮಾಡಿಸಿದೆವು, ಅಲ್ಲಿ ಇಂಗ್ಲಿಷಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆಗಿ ಕನ್ನಡದಲ್ಲಿ ‘ರಿಯಾನ್’ ಬಂತು. ಶಾಲೆಯಲ್ಲಿ ಪ್ರಮಾಣಪತ್ರ ನೋಡಿ ‘ರಾಯನ್’ ಬರೆದುಕೊಂಡರು. ಹುಡುಗರು ‘ರಾಯಣ್ಣ’ ಅಂತ ಕರೆಯಲು ಶುರು ಮಾಡಿದರು. ಸಂಗೊಳ್ಳಿ ರಾಯಣ್ಣನ ಪಾಠ ಕೇಳಿದ ಮೇಲೆ ಮಗನಿಗೂ ಅದೇ ಇಷ್ಟವಾಯಿತು. ಅವನು ಖುಷಿಯಾಗಿದ್ದ, ನನಗೆ ಒಳಗೊಳಗೇ ಸಂಕಟ.

2023ರ ದಸರಾ ರಜೆಗೆ ಭಾಯಿಜಾನ್ ನಮ್ಮನ್ನು ದೋಹಾಕ್ಕೆ ಕರೆದಿದ್ದರು. ಅಲ್ಲೇ ಪಕ್ಕದಲ್ಲಿ ಅಲ್ ರಯ್ಯಾನ್ ಅನ್ನುವ ಊರೇ ಇದೆ, ಅದೇ ಹೆಸರಿನ ಫುಟ್‌ಬಾಲ್ ಕ್ಲಬ್ ಇದೆ, 2022ರ ವಿಶ್ವಕಪ್ ಪಂದ್ಯಗಳು ಅಲ್ಲಿನ ಅಹ್ಮದ್ ಬಿನ್ ಅಲಿ ಕ್ರೀಡಾಂಗಣದಲ್ಲೂ ನಡೆದಿದ್ದವು. ಆ ಊರಿನ ಹೆಸರಿರುವ ಬೋರ್ಡಿನ ಮುಂದೆ ಮಗನನ್ನು ನಿಲ್ಲಿಸಿ ಫೋಟೋ ತೆಗೆಯಬೇಕು ಅಂತ ಅವರ ಆಸೆ. ಪಾಸ್‌ಪೋರ್ಟಿಗೆ ಹೋದರೆ ಒಂದು ಕಾಗದದ ಹೆಸರು ಇನ್ನೊಂದಕ್ಕೆ ತಾಳೆಯಾಗಲಿಲ್ಲ. ಛಾಪಾ ಕಾಗದ, ನೋಟರಿ, ಅಫಿಡವಿಟ್ ಅಂತ ಆರು ಸಲ ಓಡಾಡಿದೆ. ಅಷ್ಟರಲ್ಲಿ ರಜೆ ಮುಗಿಯಿತು. ಮರುವರ್ಷ ಭಾಯಿಜಾನ್ ಕೆಲಸ ಬಿಟ್ಟು ಊರಿಗೇ ಬಂದುಬಿಟ್ಟರು. ಆ ಫೋಟೋ ತೆಗೆಯಲು ಆಗಲೇ ಇಲ್ಲ.

ತುಂಬಾ ಸಾಮಾನ್ಯವಾ ಅಂತ ಕೇಳಿದ್ದೀರಿ. ನನಗೆ ಆ ಪ್ರಶ್ನೆಯೇ ಬೇಡ ಅನಿಸುತ್ತದೆ. ನಮ್ಮ ದೇಶದಲ್ಲಿ ಸರ್ಕಾರ ಮಕ್ಕಳ ಹೆಸರುಗಳ ಪಟ್ಟಿ ಪ್ರಕಟಿಸುವುದಿಲ್ಲ, ವೆಬ್‌ಸೈಟುಗಳಲ್ಲಿ ‘ಟಾಪ್ 100’ ಅಂತ ಬರುವುದನ್ನೆಲ್ಲ ನಂಬಬೇಡಿ. ಲೆಕ್ಕ ಇಡುವ ದೇಶದಲ್ಲೂ ಏನಾಗುತ್ತದೆ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2023ರಲ್ಲಿ ಹುಟ್ಟಿದ ಗಂಡುಮಕ್ಕಳಿಗೆ ಅತಿ ಹೆಚ್ಚು ಇಟ್ಟ ಹೆಸರು ಮುಹಮ್ಮದ್. ಆದರೆ ಅಲ್ಲಿ ಸ್ಪೆಲಿಂಗ್ ಬೇರೆಯಾದರೆ ಬೇರೆ ಹೆಸರು ಅಂತಲೇ ಎಣಿಸುತ್ತಾರೆ, ಹಾಗಾಗಿ ಅದೇ ಹೆಸರು ಬೇರೆ ಎರಡು ಸ್ಪೆಲಿಂಗ್‌ನಲ್ಲಿ ಕೆಳಗಿನ ಸ್ಥಾನಗಳಲ್ಲೂ ಇದೆ. ರಯ್ಯಾನ್‌ನದೂ ಇದೇ ಕಥೆ. ನಮ್ಮ ಓಣಿಯಲ್ಲೇ ಇಬ್ಬರಿದ್ದಾರೆ, ಇಬ್ಬರ ಸ್ಪೆಲಿಂಗೂ ಬೇರೆ. ಅದರಿಂದ ನನ್ನ ಮಗನಿಗೆ ಏನೂ ಕಡಿಮೆಯಾಗಿಲ್ಲ. ಎಲ್ಲೆಲ್ಲೂ ಕೇಳಿಸುವ ಹೆಸರು ಅಂತ ಇದನ್ನು ಬಿಟ್ಟು ಯಾರೂ ಇಡದ, ಅರ್ಥವೂ ಗೊತ್ತಿಲ್ಲದ ಹೆಸರನ್ನು ಸುಮ್ನೆ ಹುಡುಕಿಕೊಂಡು ಹೋಗಬೇಡಿ.

ಹೆಸರು ಇಡಿ. ಆದರೆ ಅಖೀಖಾಕ್ಕೆ (ಮಗು ಹುಟ್ಟಿದ ಮೇಲೆ ಕುರಿ ಬಲಿ ಕೊಟ್ಟು ಮಾಡುವ ಶಾಸ್ತ್ರ) ಮೊದಲೇ ಒಂದು ಚೀಟಿಯಲ್ಲಿ ಅರಬ್ಬಿ, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆದು ಇಟ್ಟುಕೊಳ್ಳಿ, ಇಂಗ್ಲಿಷಿನಲ್ಲಿ ಎರಡು ವೈ. ಎಲ್ಲಿ ಫಾರಂ ತುಂಬಿದರೂ ಆ ಚೀಟಿ ನೋಡಿಯೇ ತುಂಬಿ, ಕನ್ನಡದ ಜಾಗವನ್ನು ನೀವೇ ತುಂಬಿ. ಆಧಾರ್ ಮಾಡಿಸುವಾಗ ಪರದೆಯ ಮೇಲೆ ಕನ್ನಡ ಅಕ್ಷರ ತೋರಿಸಿ ಅಂತ ಕೇಳಿ, ಹಿಂದೆ ಎಷ್ಟೇ ಜನ ನಿಂತಿರಲಿ. ಪ್ರಮಾಣಪತ್ರ ಕೈಗೆ ಬಂದ ದಿನವೇ ಓದಿ, ತಪ್ಪಿದ್ದರೆ ಅವತ್ತೇ ವಾಪಸ್ ಹೋಗಿ.

ನಮ್ಮ ಪ್ರಮಾಣಪತ್ರ ಕೊನೆಗೂ ಸರಿಯಾಯಿತು, ಈಗ ಅದರಲ್ಲಿ ‘ರಯ್ಯಾನ್’ ಅಂತಲೇ ಇದೆ. ಶಾಲೆಯ ದಾಖಲೆಗೆ ಅರ್ಜಿ ಕೊಟ್ಟಿದ್ದೇನೆ. ಮಗ ನೋಟ್‌ಬುಕ್ಕಿನ ಮೇಲೆ ಹೆಸರು ಬರೆಯುವಾಗ ಯ ಒತ್ತನ್ನು ಬೇಕಂತಲೇ ದೊಡ್ಡದಾಗಿ, ಕೆಳಗಿನ ಗೆರೆಗೆ ತಾಗುವ ಹಾಗೆ ಬರೆಯುತ್ತಾನೆ.