ಆಗಸ್ಟಿನಲ್ಲಿ ಕಟ್ಟಿದ ಬೆಟ್ಟು, ಮೇವರೆಗೆ ಮುಚ್ಚದ ಖಾತೆ

(ಗುರುತು ಸಿಗದಂತೆ ವಯಸ್ಸು, ಊರು, ಮೊತ್ತಗಳನ್ನು ಬದಲಿಸಲಾಗಿದೆ.)

ಮಲೆನಾಡಿನ ಕಡೆಯವರು, ಮೂವತ್ತೈದರ ಆಸುಪಾಸು, ಇಂಗ್ಲೆಂಡಿನಲ್ಲಿ ಸಾಫ್ಟ್‌ವೇರ್ ಕೆಲಸ. ಜನವರಿಯಲ್ಲಿ ಹೆಂಡತಿಯ ಒತ್ತಾಯಕ್ಕೆ ಜೂಜಿನ ಚಟದ ಬಗ್ಗೆ ಆಪ್ತಸಲಹೆಗೆ ಬಂದರು. ಕೂತವರೇ ಹೇಳಿದ್ದು: "ನಂದು ಜೂಜಲ್ಲ ಮೇಡಂ. ದಿನಾ ಆಡೋರ ಥರ ಅಲ್ಲ ನಾನು. ಸೀಸನ್ ಶುರುವಾಗೋ ಮುಂಚೆ ಒಂದ್ಸಲ ಕಟ್ತೀನಿ, ಆಮೇಲೆ ಸುಮ್ನಿರ್ತೀನಿ." ಪಿಜಿಎಸ್‌ಐ (ಜೂಜಿನ ಸಮಸ್ಯೆ ಎಷ್ಟು ತೀವ್ರ ಎಂದು ಅಳೆಯುವ) ಪ್ರಶ್ನಾವಳಿಯ ಒಂಬತ್ತು ಪ್ರಶ್ನೆಗಳಿಗೆ ಅವರೇ ಕೊಟ್ಟ ಅಂಕ ಕೂಡಿದರೆ 27ಕ್ಕೆ 14. ಎಂಟು ಬಂದರೇ ಸಮಸ್ಯೆ ಇದೆ ಎಂದು ಲೆಕ್ಕ.

ಎರಡನೇ ಭೇಟಿಗೆ ತಮ್ಮ ಎಕ್ಸೆಲ್ ಹಾಳೆ ತಂದರು. ಮೂರು ಬೆಟ್ಟಿಂಗ್ ಕಂಪನಿಗಳಲ್ಲಿ 41 ಬೆಟ್ಟು (ಬಾಜಿ), ಒಟ್ಟು 3,860 ಪೌಂಡ್. ಆಗಸ್ಟಿನಿಂದ ಮೇವರೆಗೆ ನಡೆಯುವ ಫುಟ್‌ಬಾಲ್ ಪ್ರೀಮಿಯರ್ ಲೀಗ್ ಗೆಲ್ಲುವವರು, ಕೆಳಗಿನ ದರ್ಜೆಗೆ ಇಳಿಯುವವರು, ಅತಿ ಹೆಚ್ಚು ಗೋಲು ಹೊಡೆಯುವವರು, ಮಾರ್ಚಿನ ಚೆಲ್ಟನ್‌ಹ್ಯಾಮ್ ರೇಸಿಗೆ ಆರು ಕುದುರೆ. ಕೊನೆಯ ಕಾಲಮ್ಮಿನ ತಲೆಬರಹ 'ಬರಬೇಕಾದ್ದು'. ಅದರ ಕೆಳಗೆ ಹಸಿರು ಬಣ್ಣದಲ್ಲಿ ಮೊತ್ತ: 61,000 ಪೌಂಡ್. ಸಾಲು ಸಾಲಾಗಿ ನೋಡುತ್ತಾ ಹೋದರೆ, ಒಂದೇ ಲೀಗ್ ಗೆಲ್ಲಲು ನಾಲ್ಕು ತಂಡಗಳ ಮೇಲೆ ಕಟ್ಟಿದ್ದಾರೆ, ನಾಲ್ಕರ ಗೆಲುವೂ ಮೊತ್ತಕ್ಕೆ ಸೇರಿದೆ. ಲೆಕ್ಕದಲ್ಲಿ ಪಳಗಿದ ಮನುಷ್ಯ. ಆದರೂ ಆರು ತಿಂಗಳು ಆ ಹಸಿರು ಅಂಕಿಯನ್ನು ನೋಡಿಕೊಂಡೇ ಮಲಗಿದ್ದರು.

ಮೊದಲೇ ಕಟ್ಟುವುದರಲ್ಲಿ ಲಾಭವೇ ಇಲ್ಲ ಎಂದು ಇಂಥವರ ಎದುರು ವಾದಿಸಬಾರದು. ಅದು ಸುಳ್ಳು, ಅವರಿಗೂ ಗೊತ್ತು. ಆಗಸ್ಟಿನಲ್ಲಿ ಒಂದಕ್ಕೆ ಎಂಟರ ದರದಲ್ಲಿ (ಒಂದು ಪೌಂಡಿಗೆ ಎಂಟು ಲಾಭ, ಅಂದರೆ ಒಂಬತ್ತರಲ್ಲೊಂದು ಅವಕಾಶ) ಕಟ್ಟಿದ ತಂಡ ಡಿಸೆಂಬರಿಗೆ ಒಂದಕ್ಕೆ ಮೂರಕ್ಕೆ ಬಂತು ಅಂದರೆ, ಶೇ. 11 ಅವಕಾಶದ ಬೆಲೆಗೆ ಕೊಂಡದ್ದು ಈಗ ಶೇ. 25ರದ್ದಾಯಿತು. ಅಷ್ಟರ ಮಟ್ಟಿಗೆ ಅವರ ಊಹೆ ಸರಿ. ಹತ್ತು ಪೌಂಡ್ ಕಟ್ಟಿ ಮರೆತುಬಿಡುವವನಿಗೆ ಒಂಬತ್ತು ತಿಂಗಳ ಕುತೂಹಲ ಅಗ್ಗಕ್ಕೇ ಸಿಕ್ಕಿತು ಅನ್ನಬಹುದು; ವಾರವಾರ ಕಟ್ಟುವುದಕ್ಕಿಂತ ಅದೇ ವಾಸಿ. ಇದನ್ನು ಒಪ್ಪಿಕೊಂಡ ಮೇಲೆಯೇ ಉಳಿದ ಮಾತು ಅವರ ಕಿವಿಗೆ ಬಿದ್ದದ್ದು.

ಉಳಿದದ್ದನ್ನು ಅವರ ಹಾಳೆಯಿಂದಲೇ ತೆಗೆದು ತೋರಿಸಲಾಯಿತು. ಒಂದಕ್ಕೆ ನಾಲ್ಕು ಅಂದರೆ ಐದರಲ್ಲೊಂದು, ಶೇ. 20. ಹೀಗೆ ಲೀಗಿನ ಇಪ್ಪತ್ತೂ ತಂಡಗಳ ದರವನ್ನು ಶೇಕಡಾಕ್ಕೆ ತಿರುಗಿಸಿ ಕೂಡಲು ಹೇಳಿದಾಗ 100 ಬರಬೇಕಾದಲ್ಲಿ 118 ಬಂತು. ಅಂದರೆ ಎಲ್ಲ ತಂಡಗಳ ಮೇಲೂ ದರಕ್ಕೆ ತಕ್ಕಂತೆ ಹಂಚಿ ಕಟ್ಟಿದರೆ, ಯಾರೇ ಗೆಲ್ಲಲಿ, ನೂರು ಪೌಂಡಿಗೆ ವಾಪಸು ಬರುವುದು 85ರಷ್ಟು. ಅದೇ ಕಂಪನಿಯ ಒಂದು ಶನಿವಾರದ ಪಂದ್ಯಕ್ಕೆ ಗೆಲುವು, ಸೋಲು, ಡ್ರಾ ಮೂರನ್ನೂ ಕೂಡಿದಾಗ ಬಂದದ್ದು 105. ಆಯ್ಕೆ ಹೆಚ್ಚಿದಷ್ಟೂ ಕಂಪನಿಗೆ ಪ್ರತಿಯೊಂದರಿಂದ ಚೂರುಚೂರು ಕೀಳಲು ಜಾಗ ಹೆಚ್ಚು. ಸೀಸನ್ ಬೆಟ್ಟು ಬುದ್ಧಿವಂತರ ಆಟ ಎಂದು ನಂಬಿದ್ದವರು ಈ 118ರ ಮುಂದೆ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಕುದುರೆಗಳ ಕಥೆ ಇನ್ನೂ ಸರಳ. ಆರರಲ್ಲಿ ಎರಡು ಗಾಯಗೊಂಡು ಸೀಸನ್ನಿನಿಂದಲೇ ಹೊರಗೆ, ಒಂದನ್ನು ಬೇರೆ ಓಟಕ್ಕೆ ಬಿಡುವುದಾಗಿ ಮಾಲೀಕರು ನಿರ್ಧರಿಸಿದ್ದರು. ತಿಂಗಳುಗಟ್ಟಲೆ ಮೊದಲು ಕಟ್ಟುವ ಇಂಥ ಬೆಟ್ಟಿನಲ್ಲಿ ಕುದುರೆ ಓಡದಿದ್ದರೂ ದುಡ್ಡು ಹೋದಂತೆಯೇ. 'ನಾನ್ ರನ್ನರ್ ನೋ ಬೆಟ್' ಎಂಬ ಷರತ್ತು ಇದ್ದರೆ ಮಾತ್ರ ವಾಪಸು. ಆ ಷರತ್ತು ಸಾಮಾನ್ಯವಾಗಿ ರೇಸು ಹತ್ತಿರ ಬಂದಾಗ ಸಿಗುತ್ತದೆ, ಆಗ ದರ ಇಳಿದಿರುತ್ತದೆ. ದೊಡ್ಡ ದರ ಕೊಡುವುದೇ ಈ ಅಪಾಯ ನಿಮ್ಮ ತಲೆಗೆ ಕಟ್ಟಿ.

ದುಡ್ಡು ಒಂಬತ್ತು ತಿಂಗಳು ಬಿದ್ದಿರುವುದಕ್ಕೂ ಬೆಲೆಯಿದೆ. ಕ್ರೆಡಿಟ್ ಕಾರ್ಡಿನಲ್ಲಿ ಬೆಟ್ ಕಟ್ಟುವುದನ್ನು ಬ್ರಿಟನ್ 2020ರ ಏಪ್ರಿಲ್ 14ರಿಂದ ನಿಲ್ಲಿಸಿದೆ. ಇವರು ಸಂಬಳವನ್ನು ಬೆಟ್ಟಿಗೆ ಹಾಕಿ, ದಿನಸಿ, ರೈಲು ಪಾಸು, ಮಗುವಿನ ನರ್ಸರಿ ಫೀಸನ್ನು ಕಾರ್ಡಿಗೆ ಹಾಕಿದ್ದರು. ಶೇ. 24ರ ಬಡ್ಡಿಯಲ್ಲಿ 3,860 ಪೌಂಡಿಗೆ ಒಂಬತ್ತು ತಿಂಗಳಿಗೆ ಸುಮಾರು 695. ಹಾಳೆಯಲ್ಲಿ ಇದಕ್ಕೆ ಕಾಲಮ್ಮೇ ಇರಲಿಲ್ಲ.

ಆದರೆ ನಿಜವಾದ ಪೆಟ್ಟು ಇವ್ಯಾವುದೂ ಅಲ್ಲ. 41 ಬೆಟ್ಟು ತೆರೆದಿದ್ದರೆ ಶನಿವಾರದ ಪ್ರತಿ ಪಂದ್ಯವೂ ನಿಮ್ಮದೇ. ತಾವು ಕಟ್ಟಿದ ತಂಡ ಸೋಲುವಂತೆ ಕಂಡರೆ 'ಕವರ್' ಮಾಡಲು ಎದುರಾಳಿಯ ಮೇಲೆ ಒಂದಿಷ್ಟು. ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಸೆಪ್ಟೆಂಬರಿನಿಂದ ಡಿಸೆಂಬರ್‌ವರೆಗೆ ಹೀಗೆ ಹೋದದ್ದು 2,900 ಪೌಂಡ್. "ಒಂದ್ಸಲ ಕಟ್ಟಿ ಸುಮ್ನಿರ್ತೀನಿ" ಎಂದವರು ಇವರೇ. ಹೆಂಡತಿ ಹೇಳಿದ್ದು ಇಷ್ಟೇ: "ಇವ್ರು ಮಗೂನ ಎತ್ಕೊಂಡಿದ್ರೂ ಇನ್ನೊಂದು ಕೈಯಲ್ಲಿ ಫೋನೇ ಇರುತ್ತೆ." ಖಾತೆ ಮುಚ್ಚಿ ಎಂದರೆ ಉತ್ತರ ಸಿದ್ಧ: "ಮೇ ತಿಂಗಳಿಗೆ ಬೆಟ್ಟು ಮುಗೀಲಿ, ಆಮೇಲೆ." ಎರಡು ವರ್ಷದಿಂದ ಇದೇ ಮಾತು. ಮೇ ಮುಗಿಯುವಷ್ಟರಲ್ಲಿ ಮುಂದಿನ ಸೀಸನ್ನಿನ ದರ ಬಂದಿರುತ್ತದೆ.

ಜೊತೆಗೆ ಇಂಥವರೆಲ್ಲ ಹೇಳುವ ಲೆಸ್ಟರ್ ಫುಟ್‌ಬಾಲ್ ತಂಡದ ಕಥೆ. 2015-16ರಲ್ಲಿ ಒಂದಕ್ಕೆ ಐದು ಸಾವಿರದ ದರವಿದ್ದ ತಂಡ ಲೀಗ್ ಗೆದ್ದದ್ದು ನಿಜ. ಕಟ್ಟಿದವರಲ್ಲಿ ಕೆಲವರು ಮೇವರೆಗೆ ತಡೆಯಲಾರದೆ ಮಧ್ಯದಲ್ಲೇ ಕ್ಯಾಶ್ ಔಟ್ ಮಾಡಿದರು (ಬೆಟ್ಟನ್ನು ಕಂಪನಿಗೇ ಮಾರಿ ದುಡ್ಡು ತೆಗೆದರು) ಎಂಬ ಅರ್ಧ ಕಥೆಯನ್ನು ಯಾರೂ ಹೇಳುವುದಿಲ್ಲ.

ಕೊಟ್ಟ ಸಲಹೆ ಹೀಗೆ ಸಾಗಿತು. ಮೊದಲು 41 ಚೀಟಿಗಳನ್ನು ಹೆಂಡತಿಯ ಜೊತೆ ಕೂತು ವಿಂಗಡಿಸುವುದು. 13 ಆಗಲೇ ಸತ್ತಿದ್ದವು. ಉಳಿದ 28ರಲ್ಲಿ 19ಕ್ಕೆ ಕ್ಯಾಶ್ ಔಟ್ ಸಿಗುತ್ತಿತ್ತು. ಕಂಪನಿ ಇಲ್ಲಿಯೂ ತನ್ನ ಪಾಲು ಹಿಡಿಯುತ್ತದೆ: ಒಂದಕ್ಕೆ ಎಂಟರಲ್ಲಿ 50 ಪೌಂಡ್ ಕಟ್ಟಿದ ಚೀಟಿ ಗೆದ್ದರೆ ಕೈಗೆ 450, ಅವಕಾಶ ಶೇ. 25 ಎಂದಿಟ್ಟರೂ ಅದರ ಬೆಲೆ 112, ಕೊಡಲು ಬಂದದ್ದು 96. ಲೆಕ್ಕ ಬಲ್ಲ ಪಂಟರ್ ಮಾರುವುದಿಲ್ಲ. ಇವರಿಗೆ ಮಾರಿ ಎಂದೇ ಹೇಳಲಾಯಿತು; ಆ ಹದಿನಾರು ಪೌಂಡ್ ಶನಿವಾರವೊಂದನ್ನು ಬಿಡಿಸಿಕೊಂಡ ಬೆಲೆ. ಒಂದೇ ಸಂಜೆ ಹತ್ತೊಂಬತ್ತೂ ಮಾರಿ 1,010 ಪೌಂಡ್ ಬಂತು. ಕ್ಯಾಶ್ ಔಟ್ ದುಡ್ಡು ಬೆಟ್ಟಿಂಗ್ ಖಾತೆಯಲ್ಲೇ ಕೂರುತ್ತದೆ, ಎಡವುವುದು ಅಲ್ಲೇ. ಆದ್ದರಿಂದ ಎದ್ದೇಳುವ ಮೊದಲೇ ಬ್ಯಾಂಕಿಗೆ ಹಿಂತೆಗೆತ, ಬ್ಯಾಂಕಿಗೆ ಬಂದ ದಿನ ಕಾರ್ಡ್ ಸಾಲಕ್ಕೆ.

ಮಾರಲಾಗದ ಒಂಬತ್ತರ ಬಗ್ಗೆ ಮೂರೂ ಕಂಪನಿಗಳಿಗೆ ಬರೆದು ಕೇಳಿಸಲಾಯಿತು: ಸ್ವಯಂ ನಿರ್ಬಂಧ (ತನ್ನ ಖಾತೆಯನ್ನು ತಾನೇ ತಡೆಹಿಡಿಸುವುದು) ಹಾಕಿಕೊಂಡರೆ ತೆರೆದ ಬೆಟ್ಟುಗಳ ಗತಿ ಏನು? ಎಂದಿನಂತೆ ಇತ್ಯರ್ಥ ಮಾಡಿ, ಗೆದ್ದರೆ ಕೊಡುತ್ತೇವೆ ಎಂದು ಮೂವರೂ ಬರಹದಲ್ಲಿ ತಿಳಿಸಿದರು. "ಮೇ ಮುಗೀಲಿ" ಎಂಬ ನೆಪ ಅಲ್ಲಿಗೆ ಬಿತ್ತು.

ನಂತರ ಗ್ಯಾಮ್‌ಸ್ಟಾಪ್ ನೋಂದಣಿ: ಬ್ರಿಟನ್ನಿನ ಆನ್‌ಲೈನ್ ಜೂಜು ಕಂಪನಿಗಳಿಂದೆಲ್ಲ ಒಂದೇ ಸಲಕ್ಕೆ ತನ್ನನ್ನು ಹೊರಗಿಡಿಸಿಕೊಳ್ಳುವ ವ್ಯವಸ್ಥೆ. ಆರು ತಿಂಗಳು, ಒಂದು ವರ್ಷ, ಐದು ವರ್ಷ ಎಂಬ ಅವಧಿಗಳಿವೆ, ಮಧ್ಯದಲ್ಲಿ ರದ್ದು ಮಾಡಲಾಗದು. ಅವರು ಆರು ತಿಂಗಳು ಎಂದರು. ಜನವರಿಗೆ ಆರು ಕೂಡಿಸಿದರೆ ಜುಲೈ, ಸರಿಯಾಗಿ ಹೊಸ ಬೆಟ್ಟಿನ ಹೊತ್ತು. ಐದು ವರ್ಷಕ್ಕೆ ಒಪ್ಪಿದರು. ನಮ್ಮವರು ಇಲ್ಲಿ ಒಂದು ಎಚ್ಚರ ವಹಿಸಬೇಕು. ಗುರುತು ಹೊಂದುವುದು ಹೆಸರು, ಹುಟ್ಟಿದ ದಿನ, ವಿಳಾಸ, ಇಮೇಲಿನ ಮೇಲೆ. ಇನಿಷಿಯಲ್ಲನ್ನು ಒಂದೆಡೆ ತಂದೆಯ ಹೆಸರಾಗಿ, ಇನ್ನೊಂದೆಡೆ ಊರಿನ ಹೆಸರಾಗಿ ಬಿಡಿಸಿ ಬರೆದಿದ್ದರೆ ಖಾತೆಯೊಂದು ತಪ್ಪಿಸಿಕೊಳ್ಳಬಹುದು. ಇವರ ಒಂದು ಖಾತೆ ಹಾಗೆಯೇ ಇತ್ತು. ಹಳೆಯ ಬಾಡಿಗೆ ಮನೆಗಳ ಪೋಸ್ಟ್‌ಕೋಡ್, ಹಳೆಯ ಇಮೇಲ್ ಎಲ್ಲ ಸೇರಿಸಿ, ಆ ಖಾತೆಗೆ ಪ್ರತ್ಯೇಕವಾಗಿ ಬರೆದು ಮುಚ್ಚಿಸಬೇಕಾಯಿತು. ಬೀದಿಯ ಬೆಟ್ಟಿಂಗ್ ಅಂಗಡಿಗಳು ಗ್ಯಾಮ್‌ಸ್ಟಾಪಿಗೆ ಬರುವುದಿಲ್ಲ, ಅವಕ್ಕೆ ಬೇರೆ ನೋಂದಣಿ. ಬ್ಯಾಂಕ್ ಆ್ಯಪಿನ ಜೂಜು ತಡೆಯನ್ನೂ ಪ್ರತಿ ಕಾರ್ಡಿಗೆ ಹಾಕಿಸಲಾಯಿತು.

ಇಲ್ಲಿನ ದಾರಿ ಮುಚ್ಚಿದ ಮೂರನೇ ವಾರ, ಊರಿಂದ ಚಿಕ್ಕಪ್ಪನ ಮಗ ವಾಟ್ಸಾಪಿನಲ್ಲಿ "ಐಡಿ ಕೊಡ್ಸ್ತೀನಿ ಕಣೋ, ಐಪಿಎಲ್‌ಗೆ" ಎಂದ. ಐಡಿ ಅಂದರೆ ಕದ್ದು ನಡೆಸುವ ಬೆಟ್ಟಿಂಗ್ ತಾಣದ ಖಾತೆ. ಈ ಕರೆ ಬರುವುದನ್ನು ಮೊದಲೇ ಹೇಳಿಟ್ಟಿದ್ದರಿಂದ ಅವರು ಅದನ್ನು ಹೆಂಡತಿಗೆ ತೋರಿಸಿ ಅಳಿಸಿದರು. ದುಡ್ಡು ಹಾಕಿ ಆಡುವ ಆನ್‌ಲೈನ್ ಆಟಗಳನ್ನು ಭಾರತ 2025ರ ಆಗಸ್ಟಿನ ಕಾಯ್ದೆಯಲ್ಲಿ ನಿಷೇಧಿಸಿದೆ. ಇಂಥ ಐಡಿಯಲ್ಲಿ ದುಡ್ಡು ಸಿಕ್ಕಿಹಾಕಿಕೊಂಡರೆ ಕೇಳಲು ಯಾವ ಕಚೇರಿಯೂ ಇಲ್ಲ.

ಒಂಬತ್ತು ಚೀಟಿಗಳಲ್ಲಿ ಒಂದು ಮೇ ತಿಂಗಳಲ್ಲಿ ಗೆದ್ದಿತು: ಒಂದಕ್ಕೆ ಹನ್ನೆರಡರಲ್ಲಿ ಕಟ್ಟಿದ 20 ಪೌಂಡಿಗೆ 260. ಅಂದುಕೊಂಡಂತೆ ಕಾರ್ಡಿಗೆ ಹೋಯಿತು. ಆ ವಾರ ನಿದ್ದೆ ಮತ್ತೆ ಕೆಟ್ಟಿತ್ತು; ಸೋತ ಎಂಟು ಅವರನ್ನು ಅಷ್ಟು ಕಾಡಲಿಲ್ಲ. ಹೊಸ ಸೀಸನ್ನಿನ ವೇಳಾಪಟ್ಟಿ ಜೂನ್ ಮಧ್ಯಕ್ಕೆ ಬರುತ್ತದೆ. ಮುಂದಿನ ಭೇಟಿಯನ್ನು ಆ ವಾರಕ್ಕೇ ಇಡಲಾಗಿದೆ, ಹೆಂಡತಿಯೂ ಬರುತ್ತಾರೆ.