ಹಾಳೆಯಲ್ಲಿ 41, ಕಂಪನಿ ಹೇಳಿದ್ದು 47: ಉಳಿದ 6 ಎಲ್ಲಿ ಹೋಯ್ತು?

ಪ್ರಶ್ನೆ: ನನ್ನದು ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕು. ಸೈಲೆನ್ಸರ್, ಏರ್ ಫಿಲ್ಟರ್ ಬದಲಿಸಿ, ಪಿಗ್ಗಿಬ್ಯಾಕ್ ಪೆಟ್ಟಿಗೆ (ಎಂಜಿನ್ನಿಗೆ ಹೋಗುವ ಪೆಟ್ರೋಲಿನ ಲೆಕ್ಕ ಬದಲಿಸುವ ಪೆಟ್ಟಿಗೆ) ಕೂರಿಸಿ, ಬೆಂಗಳೂರಿನಲ್ಲಿ ಡೈನೋ (ಚಕ್ರವನ್ನು ರೋಲರ್ ಅಂದರೆ ಉರುಳೆಯ ಮೇಲೆ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಟ್ಯೂನ್ ಮಾಡಿಸಿದೆ. ಮೂರು ಸಲ ಫುಲ್ ಎಕ್ಸಲರೇಟರ್ ಕೊಟ್ಟು ಒಂದು ಹಾಳೆ ಕೈಗಿಟ್ಟರು. ಅದರಲ್ಲಿ 41 ಎಚ್‌ಪಿ ಇದೆ. ಕಂಪನಿ ಹೇಳೋದು 47. ಮೋಸ ಹೋದೆನಾ? ಶಿರಾಡಿ ಘಾಟಿಯಲ್ಲಿ 3,000 ಆರ್‌ಪಿಎಂ ಹತ್ತಿರ ಗಾಡಿ ಇನ್ನೂ ಜರ್ಕ್ ಹೊಡೆಯುತ್ತದೆ. ಎಕ್ಸಲರೇಟರ್ ಬಿಟ್ಟರೆ ಪಟಪಟ ಸದ್ದು ಬೇರೆ.
– ಒಬ್ಬ ಓದುಗ, ಹಾಸನ

ಉತ್ತರ: 41ಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಕಂಪನಿಯ 47 ಎಂಜಿನ್ನಿನೊಳಗೇ ತಿರುಗುವ ಕ್ರ್ಯಾಂಕ್ ದಂಡದಲ್ಲಿ ಅಳೆದದ್ದು. ಡೈನೋ ಅಳೆಯೋದು ಹಿಂದಿನ ಚಕ್ರದಲ್ಲಿ. ನಡುವೆ ಗೇರ್‌ಬಾಕ್ಸ್, ಚೈನು, ಟೈರು ತಮ್ಮ ತಮ್ಮ ಪಾಲು ತಿಂದಿರುತ್ತವೆ. ನೂರಕ್ಕೆ 10ರಿಂದ 15 ಹೋಗೋದು ಮಾಮೂಲಿ. ಹೊಸ ಸೈಲೆನ್ಸರ್‌ನಿಂದ ಎಷ್ಟು ಬಂತು ಅಂತ ತಿಳಿಯಬೇಕಿದ್ದರೆ ಹಾಕುವ ಮುಂಚೆಯೂ ಒಮ್ಮೆ ಅಳೆಸಬೇಕಿತ್ತು.

ಹಾಳೆಯ ಮೂಲೆಯಲ್ಲಿ ‘ಎಸ್‌ಎಇ’ ಅಂತ ಇದೆಯಾ ನೋಡಿ. ಅಳೆದ ಜಾಗದ ಹವೆಗೆ ತಕ್ಕಂತೆ ಅಂಕಿ ಸರಿಪಡಿಸುವ ಲೆಕ್ಕ ಅದು. ಬೆಂಗಳೂರು ಸಮುದ್ರ ಮಟ್ಟಕ್ಕಿಂತ 900 ಮೀಟರ್ ಮೇಲಿದೆ. ಮಂಗಳೂರಿಗೆ ಹೋಲಿಸಿದರೆ ಇಲ್ಲಿ ಗಾಳಿಯ ಒತ್ತಡ ಹತ್ತಿರ ಹತ್ತಿರ ಶೇ. 10 ಕಡಿಮೆ. ಟರ್ಬೋ ಇಲ್ಲದ ಎಂಜಿನ್ನಿನ ಶಕ್ತಿಯೂ ಅಷ್ಟೇ ಇಳಿಯುತ್ತದೆ. ಎಸ್‌ಎಇ ಲೆಕ್ಕ ಅದನ್ನು ಸರಿದೂಗಿಸಿ ಅಂಕಿಯನ್ನು ಮೇಲಕ್ಕೆ ಎತ್ತುತ್ತದೆ. ಇಷ್ಟರ ಮೇಲೆ ಗಾಡಿ ಕಟ್ಟುವ ಬೆಲ್ಟು ಬೇರೆ. ಒಂದು ಸಲ ನಾನೇ ಎರಡನೇ ಓಟಕ್ಕೆ ಬೆಲ್ಟನ್ನು ಎರಡು ಹಲ್ಲು ಜಾಸ್ತಿ ಬಿಗಿದೆ. ಎಚ್‌ಪಿ ಒಂದು ಕಡಿಮೆಯಾಯಿತು. ಅರ್ಧ ದಿನ ಮ್ಯಾಪ್‌ನಲ್ಲಿ (ಎಷ್ಟು ಪೆಟ್ರೋಲ್ ಬಿಡಬೇಕು ಅನ್ನೋ ಪಟ್ಟಿಯಲ್ಲಿ) ತಪ್ಪು ಹುಡುಕಿದೆ! ಟೈರು ರೋಲರ್‌ಗೆ ಜಾಸ್ತಿ ಅಮುಕಿ ಕೂತಿತ್ತು, ಅಷ್ಟೇ.

ನಿಮ್ಮ ನಿಜವಾದ ತೊಂದರೆ ಆ ಜರ್ಕ್. ಅದು ಆ ಹಾಳೆಯಲ್ಲಿ ಕಾಣೋದೇ ಇಲ್ಲ. ಡೈನೋದಲ್ಲಿ ಎರಡು ಜಾತಿ. ಒಂದರಲ್ಲಿ ಭಾರದ ಉರುಳೆ ಮಾತ್ರ ಇರುತ್ತದೆ. ಚಕ್ರ ಅದನ್ನು ಎಷ್ಟು ಬೇಗ ತಿರುಗಿಸಿತು ಅನ್ನೋದರ ಮೇಲೆ ಶಕ್ತಿ ಲೆಕ್ಕ ಹಾಕುತ್ತಾರೆ. ಫುಲ್ ಎಕ್ಸಲರೇಟರ್ ಓಟಕ್ಕೆ ಅದು ಸಾಕು. ಇನ್ನೊಂದರಲ್ಲಿ ಉರುಳೆಗೆ ಎಡ್ಡಿ ಕರೆಂಟ್ ಬ್ರೇಕ್, ಅಂದರೆ ವಿದ್ಯುತ್ಕಾಂತದಿಂದ ತಡೆಯುವ ಬ್ರೇಕ್ ಇರುತ್ತದೆ. ಅದು ಗಾಡಿಯನ್ನು 3,000ದಲ್ಲೇ ಹಿಡಿದು ನಿಲ್ಲಿಸುತ್ತದೆ, ಘಾಟಿ ಏರಿಸಿದ ಹಾಗೆ. ಆಗ ಕಾಲು ಭಾಗ ಎಕ್ಸಲರೇಟರ್‌ನಲ್ಲಿ ಎಷ್ಟು ಪೆಟ್ರೋಲ್ ಬೇಕು ಅಂತ ಒಂದೊಂದೇ ಮನೆ ತುಂಬಬಹುದು. ಮ್ಯಾಪ್ ಅಂದರೆ ಒಂದು ಕೋಷ್ಟಕ ತಾನೇ? ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಎಕ್ಸಲರೇಟರ್. ನಿಮಗೆ ಫುಲ್ ಎಕ್ಸಲರೇಟರ್‌ನ ಒಂದೇ ಸಾಲು ತುಂಬಿಸಿ ಕಳಿಸಿದ್ದಾರೆ. ಶಿರಾಡಿಯಲ್ಲಿ ನೀವು ಓಡಿಸೋದು ಬೇರೆ ಸಾಲಿನಲ್ಲಿ.

ಮತ್ತೆ ದುಡ್ಡು ಕೊಡುವ ಮುಂಚೆ ಒಂದು ಕೆಲಸ ಮಾಡಿ. ಸೈಲೆನ್ಸರ್ ಬದಲಿಸುವಾಗ ಹಳೇ ಗ್ಯಾಸ್ಕೆಟ್ಟನ್ನೇ ವಾಪಸ್ ಹಾಕಿರುವ ಸಾಧ್ಯತೆ ಇದೆ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಜಾಯಿಂಟಿಗೆ ಸೋಪು ನೀರು ಸವರಿ ಸ್ಟಾರ್ಟ್ ಮಾಡಿ. ಒದ್ದೆ ಬಟ್ಟೆಯಿಂದ ಸೈಲೆನ್ಸರ್ ಬಾಯಿಯನ್ನು ಒಂದು ಕ್ಷಣ ಅರ್ಧ ಮುಚ್ಚಿ. ಗುಳ್ಳೆ ಎದ್ದರೆ ಲೀಕ್ ಇದೆ. ಆ ಸಂದಿಯಿಂದ ಹೊರಗಿನ ಗಾಳಿ ಒಳಗೂ ನುಗ್ಗುತ್ತದೆ. ಆಕ್ಸಿಜನ್ ಸೆನ್ಸರ್ ಮೋಸ ಹೋಗಿ ಪೆಟ್ರೋಲ್ ಸಾಲದು ಅನ್ನುತ್ತದೆ, ಇಸಿಯು (ಎಂಜಿನ್ನಿನ ಕಂಪ್ಯೂಟರ್) ಇನ್ನಷ್ಟು ಸುರಿಯುತ್ತದೆ. ನಿಮ್ಮ ಪಟಪಟ ಸದ್ದಿಗೆ ನನಗೆ ಮೊದಲ ಅನುಮಾನ ಇದರ ಮೇಲೇ. ಲೀಕ್ ಇರುವ ಗಾಡಿಯನ್ನು ಟ್ಯೂನ್ ಮಾಡಿದರೆ ಲೀಕನ್ನೇ ಟ್ಯೂನ್ ಮಾಡಿದ ಹಾಗೆ.

ಅದು ಸರಿಯಾದ ಮೇಲೆ ಬ್ರೇಕ್ ಇರುವ ಡೈನೋ ಹುಡುಕಿ. ಗಾಳಿ–ಪೆಟ್ರೋಲ್ ಪ್ರಮಾಣ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್‌ನ ಗೆರೆಯೂ ಹಾಳೆಯಲ್ಲಿ ಬರಬೇಕು ಅಂತ ಮೊದಲೇ ಹೇಳಿ, ಅದೂ ಲ್ಯಾಂಬ್ಡಾ ಲೆಕ್ಕದಲ್ಲಿ. ಲ್ಯಾಂಬ್ಡಾ 1 ಅಂದರೆ ಪೆಟ್ರೋಲ್ ಪೂರ್ತಿ ಉರಿಯಲು ಬೇಕಾದಷ್ಟೇ ಗಾಳಿ; 1ಕ್ಕಿಂತ ಕಡಿಮೆ ಅಂದರೆ ಪೆಟ್ರೋಲ್ ಜಾಸ್ತಿ. 14.7ಕ್ಕೆ 1 ಅನ್ನೋ ಗಾಳಿ–ಪೆಟ್ರೋಲ್ ಲೆಕ್ಕ ಎಥನಾಲ್ ಇಲ್ಲದ ಪೆಟ್ರೋಲಿನದು. ಈಗ ಬಂಕಿನಲ್ಲಿ ಸಿಗುವ ಇ20ಗೆ ಅದು ಸುಮಾರು 13.5. ಲ್ಯಾಂಬ್ಡಾ 1 ಮಾತ್ರ ಎರಡಕ್ಕೂ 1. ಫುಲ್ ಎಕ್ಸಲರೇಟರ್‌ನಲ್ಲಿ 0.87ರ ಆಸುಪಾಸಿದ್ದರೆ ನನಗೆ ಸಮಾಧಾನ. ಎದುರಿಗೆ ದೊಡ್ಡ ಫ್ಯಾನ್ ಇಲ್ಲದ ಕಡೆ ಗಾಡಿ ಕೊಡಬೇಡಿ. ಇದು ಗಾಳಿ, ಆಯಿಲ್‌ನಿಂದ ತಣ್ಣಗಾಗುವ ಎಂಜಿನ್. ನಿಂತಲ್ಲೇ ಕೆಂಡವಾಗುತ್ತದೆ. ಹಳೇ ಸೈಲೆನ್ಸರನ್ನು ಗುಜರಿಗೆ ಹಾಕಿಲ್ಲ ಅಂದುಕೊಂಡಿದ್ದೇನೆ. ಪೊಲೀಸರು ಹಿಡಿದಾಗ ಅದೇ ಬೇಕಾಗೋದು.

ಪ್ರಶ್ನೆ: ಡೈನೋ ಟ್ಯೂನ್ ಮಾಡಿಸಿದರೆ ನನ್ನ 150 ಸಿಸಿ ಬೈಕಿನ ಮೈಲೇಜ್ ಜಾಸ್ತಿ ಆಗುತ್ತಾ?
– ಒಬ್ಬ ಓದುಗ, ದಾವಣಗೆರೆ

ಉತ್ತರ: ಗಾಡಿಯಲ್ಲಿ ಏನೂ ಬದಲಿಸಿಲ್ಲ ತಾನೇ? ಹಾಗಾದರೆ ಬೇಡ. ಫ್ಯೂಯಲ್ ಇಂಜೆಕ್ಷನ್ ಗಾಡಿಯಾದರೆ, ಒಂದೇ ವೇಗದಲ್ಲಿ ಹೋಗುವಾಗ ಇಸಿಯು ತಾನೇ ಲ್ಯಾಂಬ್ಡಾ 1ರಲ್ಲಿ ಹಿಡಿದಿರುತ್ತದೆ. ಚೈನು ತೊಳೆದು ಎಣ್ಣೆ ಬಿಡಿ. ಟೈರಿಗೆ ಗಾಳಿ ಹಾಕಿಸಿ, ಬಂಕಿನವರು ಅಂದಾಜಿನಲ್ಲಿ ಹಾಕಿದ್ದಲ್ಲ, ಮೀಟರ್ ನೋಡಿ.