ಮನೆಗೆ 20 ರೊಟ್ಟಿ, ಸೋಮವಾರ ಸಂಜೆಯೊಳಗೆ

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ವಿಜಯಪುರದವಳು, 6 ವರ್ಷದಿಂದ ಜರ್ಮನಿಯ ಮ್ಯೂನಿಕ್‌ನಲ್ಲಿದ್ದೇನೆ. ಇಲ್ಲಿ ನಮ್ಮದೊಂದು ಸಣ್ಣ ಶಾಂತಿ ಗುಂಪು ಇದೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳದಿಂದ ಬಂದವರು ಸೇರಿ 14 ಜನ. ಸಂಬಳ ಇಲ್ಲ, ಆಫೀಸ್ ಇಲ್ಲ, ಯಾರದಾದರೂ ಮನೆಯಲ್ಲಿ ಚಹಾ ಕುಡಿಯುತ್ತಾ ಸಭೆ ಮಾಡುತ್ತೇವೆ. ಐಡಿಯಾಗಳಿಗೆ ಕೊರತೆಯಿಲ್ಲ. ಈಸ್ಟರ್ ಹಬ್ಬದ ಶಾಂತಿ ನಡಿಗೆ, ಆಗಸ್ಟ್ 6ಕ್ಕೆ ಹಿರೋಷಿಮಾ ದಿನ, ಆಗಸ್ಟ್ 14ರ ರಾತ್ರಿ ಭಾರತ, ಪಾಕಿಸ್ತಾನದವರು ಸೇರಿ ಮೇಣದಬತ್ತಿ ಹಚ್ಚೋದು, ಸೆಪ್ಟೆಂಬರ್ 21ಕ್ಕೆ ವಿಶ್ವಸಂಸ್ಥೆಯ ಶಾಂತಿ ದಿನ, ಅಕ್ಟೋಬರ್ 2ಕ್ಕೆ ಗಾಂಧಿ ಜಯಂತಿ, ಫೆಬ್ರವರಿಯಲ್ಲಿ ಇಲ್ಲಿ ನಡೆಯೋ ದೊಡ್ಡ ಭದ್ರತಾ ಸಮ್ಮೇಳನದ ಹೊರಗೆ ಬೋರ್ಡ್ ಹಿಡಿದು ನಿಲ್ಲೋದು. ಎಲ್ಲದಕ್ಕೂ ಎಲ್ಲರೂ ಸೂಪರ್ ಅಂತಾರೆ. ಮಾಡೋರು ಮಾತ್ರ ನಾನು ಮತ್ತು ಇನ್ನಿಬ್ಬರು.

ಹೋದ ವರ್ಷ ಹಿರೋಷಿಮಾ ದಿನಕ್ಕೆ ಪೋಸ್ಟರ್ ನಾನೇ ಮಾಡಿದೆ, ಭಾಷಣಕ್ಕೆ ಜನರನ್ನೂ ನಾನೇ ಹುಡುಕಿದೆ. ಇಲ್ಲಿ ಬಯಲಲ್ಲಿ ಸಭೆ ಮಾಡೋದಾದರೆ ಅದನ್ನು ಜನರಿಗೆ ಪ್ರಕಟಿಸುವ 48 ಗಂಟೆ ಮೊದಲೇ ನಗರಾಡಳಿತಕ್ಕೆ ತಿಳಿಸಬೇಕು, ಅದರಲ್ಲಿ ಶನಿವಾರ, ಭಾನುವಾರ, ರಜಾದಿನ ಲೆಕ್ಕಕ್ಕಿಲ್ಲ. ಅದೂ ನನ್ನ ತಲೆಗೇ ಬಂತು. ಕೊನೆಗೆ ಆ ಸಂಜೆ ಮೇಣದಬತ್ತಿ 50 ಇದ್ದವು, ಬೆಂಕಿಪೊಟ್ಟಣ ಇರಲಿಲ್ಲ. ದಾರಿಯಲ್ಲಿ ಹೋಗೋರ ಹತ್ತಿರ ಲೈಟರ್ ಬೇಡಿದೆವು. ಮನೆಗೆ ಬಂದು ಅತ್ತುಬಿಟ್ಟೆ. ಇವರನ್ನು ಬೈಯಬೇಕಾ, ಗುಂಪೇ ಬಿಡಬೇಕಾ?

ಉತ್ತರ: ತಂಗಿ, ಬೆಂಕಿಪೊಟ್ಟಣದ ಸುದ್ದಿ ಓದಿ ನಕ್ಕುಬಿಟ್ಟೆ, ತಪ್ಪು ತಿಳೀಬೇಡ. ಒಂದು ಮಾತು ಕೇಳ್ತೀನಿ. ಅದನ್ನು ತರೋದು ಯಾರ ಕೆಲಸ ಆಗಿತ್ತು? ಯಾರದೂ ಅಲ್ಲ, ಅಂದರೆ ನಿನ್ನದು. ಯಾರ ಹೆಸರಿಗೂ ಬೀಳದ ಕೆಲಸ ಎಲ್ಲಾ ಸುಮ್ನೆ ಬಂದು ನಿನ್ನ ತಲೆಯಲ್ಲಿ ಕೂತಿವೆ, ಮಿಕ್ಕ 11 ಜನಕ್ಕೆ ಅವು ಕಾಣೋದೇ ಇಲ್ಲ. ಅವರು ಸೋಮಾರಿಗಳು ಅಂತ ನೀನು ಬರೆದಿಲ್ಲ, ಆದರೆ ಪತ್ರದ ತುಂಬಾ ಅದೇ ಇದೆ. ನನಗೆ ಹಾಗೆ ಅನ್ನಿಸಲಿಲ್ಲ.

ಬೈಲಹೊಂಗಲ ಕಡೆ ನಮ್ಮ ಊರಿನ ಮಠದ ಜಾತ್ರೆಗೆ ದಾಸೋಹ ಇರುತ್ತಿತ್ತು. ಜಾತ್ರೆಗೆ 8 ದಿನ ಮೊದಲು ಓಣಿಗೆ ಒಬ್ಬ ಹಿರಿಯರು ಬರೋರು. ಬಾಗಿಲಲ್ಲೇ ನಿಂತು, "ಅವ್ವಾ, ನಿಮ್ಮ ಮನಿಗೆ 20 ರೊಟ್ಟಿ, ಸೋಮವಾರ ಸಂಜಿ ಒಳಗ" ಅನ್ನೋರು. ಅಷ್ಟೇ ಮಾತು. "ಬರ್ರಿ, ಏನರೆ ಸಹಾಯ ಮಾಡ್ರಿ" ಅಂದಿದ್ದರೆ ಯಾರು ಹೋಗ್ತಿದ್ದರೋ ಏನೋ. ನಮ್ಮವ್ವ ಯಾವತ್ತೂ 22 ಬಡಿಯೋಳು, ದಾರಿಯಲ್ಲಿ 2 ಮುರಿದರೆ ಇರಲಿ ಅಂತ. ಬಿಳಿ ಬಟ್ಟೆಯಲ್ಲಿ ಕಟ್ಟಿ ನನ್ನ ತಲೆ ಮೇಲೆ ಇಡೋಳು. ಮಠದ ಕಟ್ಟೆ ಮೇಲೆ ಒಬ್ಬರು ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದರು, ರೊಟ್ಟಿ ಎಣಿಸಿ ನಮ್ಮ ಮನೆಯ ಹೆಸರಿನ ಮುಂದೆ ಒಂದು ಗೀಟು ಎಳೆಯೋರು. ಬಡವರ ಮನೆಗೆ 5 ರೊಟ್ಟಿ, ಕಮತ ಇದ್ದವರ ಮನೆಗೆ 100. ಇಷ್ಟು, ಇಂಥ ದಿನದೊಳಗೆ, ಇಂಥವರು. ನಿನ್ನ ಸಭೆಯಲ್ಲಿ ಈ ಮೂರೂ ಇಲ್ಲ.

ಬೆಳಗಾವಿಯಲ್ಲಿ ಕೂತು ಇದನ್ನು ಹೇಳೋಕೆ ನನಗೆ ಇನ್ನೊಂದು ನೆಪ ಇದೆ. 1924ರ ಡಿಸೆಂಬರ್‌ನಲ್ಲಿ ಇಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತಲ್ಲ, ಗಾಂಧೀಜಿ ಅಧ್ಯಕ್ಷರಾಗಿದ್ದ ಒಂದೇ ಒಂದು ಅಧಿವೇಶನ. ಜನ ಗಾಂಧೀಜಿಯ ಮಾತು ಆಡ್ತಾರೆ, ನಾನು ಟಿಳಕವಾಡಿಯಲ್ಲಿ ಆ ಕಾಂಗ್ರೆಸ್ ಬಾವಿ ಮುಂದೆ ಹೋಗುವಾಗೆಲ್ಲ ಕೆಲಸ ಹಂಚಿದವರ ಬಗ್ಗೆ ಯೋಚಿಸ್ತೀನಿ. ಒಟ್ಟು ಏರ್ಪಾಟಿನ ಮುಂದಾಳು ಗಂಗಾಧರರಾವ್ ದೇಶಪಾಂಡೆ. ಸ್ವಯಂಸೇವಕರನ್ನು ಕಟ್ಟಿ ನಿಲ್ಲಿಸಿದ್ದು ನಾ. ಸು. ಹರ್ಡೀಕರ್ ಅವರ ಸೇವಾದಳ. ಪಾಯಖಾನೆ, ಚೊಕ್ಕಟದ ಹೊಣೆ ಕಾಕಾ ಕಾಲೇಲ್ಕರ್ ಅವರದು. ಅಷ್ಟು ಜನಕ್ಕೆ ನೀರು ಬೇಕು ಅಂತ ಬಾವಿಯನ್ನೇ ತೋಡಿಸಿದರು. ದೇಶಪಾಂಡೆಯವರು ಅದನ್ನೆಲ್ಲಾ ತಾವೇ ಮೈಮೇಲೆ ಹಾಕ್ಕೊಂಡಿದ್ದರೆ ಅವರೂ ನಿನ್ನ ಹಾಗೆ ಮನೆಗೆ ಹೋಗಿ ಅಳಬೇಕಾಗ್ತಿತ್ತು.

ಈಗ ನಿನ್ನ ಪಟ್ಟಿ. 6 ಕಾರ್ಯಕ್ರಮ 14 ಜನಕ್ಕೆ ಜಾಸ್ತಿ ಆಯ್ತು. ಈಸ್ಟರ್ ನಡಿಗೆ ಜರ್ಮನಿಯಲ್ಲಿ 1960ರಿಂದ ನಡೀತಾ ಬಂದಿದೆ, ಅದಕ್ಕೆ ಅವರದೇ ಜನ ಇದ್ದಾರೆ. ಸುಮ್ನೆ ಹೋಗಿ ನಡೆಯಿರಿ. ಹಿರೋಷಿಮಾ ದಿನ, ಭದ್ರತಾ ಸಮ್ಮೇಳನ, ಸೆಪ್ಟೆಂಬರ್ 21, ಇವಕ್ಕೂ ಹಾಗೇ, ಯಾರು ಮಾಡ್ತಾರೋ ಅವರ ಹಿಂದೆ ಹೋಗಿ ನಿಲ್ಲಿ. ನೀವೇ ಮಾಡಬೇಕಾದ್ದು ಎರಡು.

ಒಂದು ಆಗಸ್ಟ್ 14. ಪತ್ರಕರ್ತ ಕುಲದೀಪ್ ನಯ್ಯರ್ ಮತ್ತು ಗೆಳೆಯರು ವಾಘಾ ಗಡಿಯಲ್ಲಿ ಆ ರಾತ್ರಿ ಮೇಣದಬತ್ತಿ ಹಚ್ಚುತ್ತಿದ್ದರು. ಲಾಹೋರಿನವರೂ ವಿಜಯಪುರದವರೂ ಒಂದೇ ಬೀದಿಯಲ್ಲಿ ನಿಲ್ಲೋಕೆ ನಿಮಗೆ ಗಡಿಯೇ ಅಡ್ಡ ಇಲ್ಲ, ಈ ಕಾರ್ಯಕ್ರಮ ನಿಮ್ಮ ಗುಂಪು ಬಿಟ್ಟರೆ ಅಲ್ಲಿ ಇನ್ನಾರು ಮಾಡಬೇಕು ಹೇಳು? ಲೆಕ್ಕ ಹಾಕಿ ನೋಡಿದೆ, ಬೇಸಿಗೆಯಲ್ಲಿ ನಿಮ್ಮ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ. ನಿಮ್ಮಲ್ಲಿ ರಾತ್ರಿ 8:30 ಆದಾಗ ಇಲ್ಲಿ ಸರಿಯಾಗಿ 12, ನಿಮ್ಮಲ್ಲಿ ಆಗಷ್ಟೇ ಕತ್ತಲಾಗ್ತಿರುತ್ತೆ. ಮರುದಿನ 15 ಮೇರಿ ಮಾತೆಯ ಹಬ್ಬ, ಮ್ಯೂನಿಕ್‌ನಲ್ಲೂ ರಜೆ. ಇನ್ನೊಂದು ಅಕ್ಟೋಬರ್ 2. ವಿಶ್ವಸಂಸ್ಥೆ 2007ರಲ್ಲಿ ಅದನ್ನು ಅಹಿಂಸಾ ದಿನ ಮಾಡಿದೆ, ಮರುದಿನ ಜರ್ಮನ್ ಏಕತಾ ದಿನ, ಮತ್ತೆ ರಜೆ. ಬೆಳಗ್ಗೆ ಕೆಲಸಕ್ಕೆ ಓಡಬೇಕು ಅನ್ನೋ ನೆಪ ಎರಡು ದಿನವೂ ನಡೆಯಲ್ಲ!

ಮುಂದಿನ ಸಭೆಯಲ್ಲಿ ಒಂದು ದೊಡ್ಡ ಹಾಳೆ ಹರಡು. ಆಗಸ್ಟ್ 14 ಕೆಳಗೆ ಬರೆದು ಅಲ್ಲಿಂದ ಹಿಂದಕ್ಕೆ ಬಾ. ನಗರಾಡಳಿತಕ್ಕೆ ತಿಳಿಸೋದು, ಪೋಸ್ಟರ್, ಮಾತಾಡೋರು, ಮೇಣದಬತ್ತಿ, ಬೆಂಕಿಪೊಟ್ಟಣ, ಕೊನೆಗೆ ನೆಲದ ಮೇಣ ಕೆರೆಯೋದು, ಅದೂ ಕೆಲಸವೇ. ಒಂದೊಂದರ ಮುಂದೆ ಒಂದು ಹೆಸರು, ಒಂದು ತಾರೀಖು. ಎರಡು ಹೆಸರು ಬೇಡ, ಇಬ್ಬರ ಕೆಲಸ ಅಂದರೆ ಯಾರದೂ ಅಲ್ಲ. ವಾಟ್ಸಾಪ್‌ನಲ್ಲಿ ಹೆಬ್ಬೆರಳು ತೋರಿಸಿದ್ದನ್ನು ಒಪ್ಪಿಗೆ ಅಂತ ತಗೋಬೇಡ, ಬಾಯಿ ಬಿಟ್ಟು ಹೇಳಬೇಕು. ಹೆಸರು ಬೀಳದ ಕೆಲಸ ಉಳಿದರೆ ಅದನ್ನು ನೀನು ಎತ್ತಿಕೊಳ್ಳಬೇಡ. ಕಷ್ಟ ಇರೋದು ಇಲ್ಲೇ. ಪೋಸ್ಟರ್‌ಗೆ ಯಾರೂ ಸಿಗಲಿಲ್ಲವಾ, ಪೋಸ್ಟರ್ ಇಲ್ಲ. ತಿಳಿಸೋಕೆ ಯಾರೂ ಸಿಗಲಿಲ್ಲವಾ, ಈ ಸಲ ಕಾರ್ಯಕ್ರಮವೇ ಇಲ್ಲ, ರದ್ದಾಗಲಿ ಬಿಡು. ಬೇರೆಯವರು ಮಾಡಿದ ಪೋಸ್ಟರ್‌ನ ಬಣ್ಣ ನಿನಗೆ ಹಿಡಿಸದಿದ್ದರೆ ಬಾಯಿ ಮುಚ್ಚಿಕೊಂಡಿರು. ರಾತ್ರಿ ಕೂತು ತಿದ್ದಿ ಕಳಿಸಿದೆಯೋ, ಆ ಹುಡುಗ ಮತ್ತೆ ನಿನ್ನ ಕೈಗೆ ಸಿಗಲ್ಲ.

ವೀಸಾ ಚಿಂತೆಯಿಂದ ಕೆಲವರು ಹಿಂದೆ ನಿಂತಿರಬಹುದು, ಕೇಳಿ ನೋಡು. ಜರ್ಮನಿಯ ಸಂವಿಧಾನದ 8ನೇ ವಿಧಿ ಸಭೆ ಸೇರುವ ಹಕ್ಕು ಎಲ್ಲಾ ಜರ್ಮನ್ನರಿಗೆ ಅಂತ ಹೇಳುತ್ತೆ, ಆದರೆ ಬವೇರಿಯಾದ ಕಾಯ್ದೆ ಅದನ್ನು ಯಾರಿಗೆ ಬೇಕಾದರೂ ಕೊಡುತ್ತೆ. ಅಷ್ಟಾದರೂ ಹೆದರೋರನ್ನು ಎಳೀಬೇಡ, ಚಹಾ ಕಾಸೋ ಕೆಲಸ, ಲೆಕ್ಕ ಬರೆಯೋ ಕೆಲಸ ಇದೆಯಲ್ಲ. ಇನ್ನು, ಸಂಘ ನೋಂದಣಿ ಮಾಡಿಸೋಣ ಅಂತ ಯಾರೋ ಎದ್ದೇ ಏಳ್ತಾರೆ. ಅಲ್ಲಿ 7 ಸದಸ್ಯರಿದ್ದರೆ ಸಾಕು, ನಿಜ. ಆದರೆ ಆ ಕಡತ ಹೊರೋರು ಯಾರು, ಮತ್ತೆ ನೀನೇ ಅಲ್ವಾ? ಎರಡು ವರ್ಷ ಹೋಗಲಿ.

ಪ್ರಶ್ನೆ: ಅಕ್ಕಾ, ನಾನು ಬಾಗಲಕೋಟೆಯವನು, ಲಂಡನ್‌ನಲ್ಲಿ ಇಂಥದ್ದೇ ಒಂದು ಗುಂಪಿನಲ್ಲಿದ್ದೇನೆ, ಏನೂ ಮಾಡದವರ ಸಾಲಿನಲ್ಲಿ. ಎರಡು ಚಿಕ್ಕ ಮಕ್ಕಳು, ಶಿಫ್ಟ್ ಕೆಲಸ. ಒಮ್ಮೆ ಖರ್ಚಿನ ಲೆಕ್ಕ ಬರೆದುಕೊಟ್ಟೆ. ನಮ್ಮ ಮುಂದಾಳು ಅಕ್ಕ ಅದನ್ನು ಪೂರ್ತಿ ಮತ್ತೆ ಬರೆದಳು. ಆಮೇಲೆ ನಾನು ಸುಮ್ಮನಾದೆ. ಈಗ ಸಭೆಗೆ ಹೋಗೋಕೂ ಮುಜುಗರ.

ಉತ್ತರ: ತಮ್ಮಾ, ಮೇಲಿನ ಪತ್ರ ಓದಿದೆಯಲ್ಲ, ಆ ಕಡೆಯವರು ಹೇಗೆ ಬಳಲ್ತಾರೆ ಅಂತ ಗೊತ್ತಾಯ್ತು. ನೀನು ಸುಮ್ಮನಾದದ್ದು ಆಕೆಗೆ ತಿಳಿದೇ ಇರಲಿಕ್ಕಿಲ್ಲ, ಇವನಿಗೆ ಪುರುಸೊತ್ತಿಲ್ಲ ಅಂದುಕೊಂಡಿರ್ತಾಳೆ. ಸಭೆಗೆ ಕಾಯಬೇಡ, ಇವತ್ತೇ ಫೋನ್ ಮಾಡು. "ಅಕ್ಕಾ, ನನ್ನ ಹತ್ತಿರ ತಿಂಗಳಿಗೆ 2 ತಾಸು ಇದೆ, ಅದಕ್ಕಿಂತ ಜಾಸ್ತಿ ಇಲ್ಲ, ಲೆಕ್ಕ ನನಗೇ ಬಿಡು" ಅನ್ನು. ಆಕೆ ಮತ್ತೆ ತಿದ್ದೋಕೆ ಬಂದರೆ, "ತಪ್ಪು ಎಲ್ಲಿದೆ ಹೇಳು, ನಾನೇ ಸರಿ ಮಾಡ್ತೀನಿ" ಅನ್ನು. ನಗುತ್ತಾ ಹೇಳು, ಆದರೆ ನೋಟ್‌ಬುಕ್ ಮಾತ್ರ ಕೈಬಿಡಬೇಡ.